ಜೆಲಿಪಾ ಟೀಚರ ಗ್ಲೈಡರ್ ಕಾನೂನು

ಜೆಲಿಪಾ ಶಾವಾ ನಮ್ಮ ಶಾಲೆಯಲ್ಲಿ ಮರಗೆಲಸ ಕಲಿಸುತ್ತಾರೆ. ಲುವಾನ್ಶಾ ಊರಿನ ಅರ್ಧ ಮನೆಗಳಲ್ಲಿ ಅವರ ವಿದ್ಯಾರ್ಥಿಗಳು ಮಾಡಿದ ಸ್ಟೂಲುಗಳಿವೆ. ಇನ್ನರ್ಧ ಮನೆಯವರು ಅವು ಮುರಿದ ಮೇಲೆ ನೆಲದ ಮೇಲೆ ಕೂರುತ್ತಾರೆ. ಈ ಹೆಂಗಸಿಗೆ ಕಾನೂನಿನ ಹುಚ್ಚು. ಸ್ಟಾಫ್ ರೂಮಿನ ಚಹಾದ ಕೆಟಲಿಗೆ ಒಂದು ಕಾನೂನು, ಉಳಿ ಹಿಡಿಯುವುದಕ್ಕೆ ಒಂದು, ನ್ಶಿಮಾ ಮುದ್ದೆ ತಿರುವುವಾಗ ಪಾತ್ರೆಯನ್ನು ಯಾವ ಕಾಲಿನಿಂದ ಒತ್ತಿ ಹಿಡಿಯಬೇಕು ಎನ್ನುವುದಕ್ಕೂ ಒಂದು. ಪಕ್ಕದ ಕೋಣೆಯಲ್ಲಿ ಭೂಗೋಳ ಕಲಿಸುವ ನಾನು ಇಷ್ಟು ವರ್ಷ ಅವನ್ನೆಲ್ಲ ಮುರಿದುಕೊಂಡೇ ಬದುಕಿದ್ದೇನೆ. ಒಂದನ್ನು ಮಾತ್ರ ಮುರಿಯುವುದಿಲ್ಲ.

ಮಳೆ ನಿಂತು ಹುಲ್ಲು ಒಣಗಿದ ಮೇಲೆ ನಮ್ಮೂರಿನ ಶಾಲೆಗಳಿಗೆ ಗ್ಲೈಡರ್ ಸ್ಪರ್ಧೆ ನಡೆಯುತ್ತದೆ. ಎಂಜಿನ್ ಇಲ್ಲದ ಪುಟ್ಟ ವಿಮಾನಗಳು. ಸೈಕಲ್ ಟ್ಯೂಬಿನ ರಬ್ಬರಿಗೆ ಸಿಕ್ಕಿಸಿ, ಕವಣೆ ಎಳೆದಂತೆ ಎಳೆದು ಬಿಟ್ಟರೆ ಮೇಲೇರಿ ತೇಲಬೇಕು. ಹೆಚ್ಚು ಹೊತ್ತು ತೇಲಿದ್ದಕ್ಕೆ ಕಪ್. ಗಂಡ ತೀರಿಕೊಂಡ ವರ್ಷ ಜೆಲಿಪಾ ಇದನ್ನು ಶುರು ಮಾಡಿದರು. ಮನೆಯಲ್ಲಿ ಖಾಲಿ ಕುರ್ಚಿ ನೋಡಿಕೊಂಡು ಕೂರಲಾರೆ ಎಂದಿದ್ದರು. ಆಮೇಲೆ ಅದೇ ಅವರ ಜೀವವಾಯಿತು.

ಇನ್ನು ಚಿಲೆಕ್ವಾ. ಎದುರಾಳಿ ಶಾಲೆಯ ವಿಜ್ಞಾನದ ಮೇಷ್ಟ್ರು, ಹೊಟ್ಟೆ ಮುಂದೆ ತಾನು ಹಿಂದೆ ಎಂಬಂಥ ಆಳು. ಅವನು ಬೆಂಬಾ, ಜೆಲಿಪಾ ಎಂಗೋನಿ. ಮುತ್ತಜ್ಜಂದಿರ ಕಾಲದಲ್ಲಿ ಈ ಎರಡು ಕುಲದವರು ಈಟಿ ಹಿಡಿದು ಬಡಿದಾಡಿದ್ದರು. ಕೊನೆಗೆ ಸಾಕಾಗಿ ಈಟಿ ಕೆಳಗಿಟ್ಟರು, ಬೈಗುಳ ಮಾತ್ರ ಇಟ್ಟುಕೊಂಡರು. ಅಂದಿನಿಂದ ಇವರು ಕಸಿನ್‌ಗಳು. ಕಸಿನ್ ಏನು ಅಂದರೂ ಸಿಟ್ಟಾಗುವ ಹಾಗಿಲ್ಲ, ನಕ್ಕು ತಿರುಗಿ ಅನ್ನಬೇಕು. ಬೆಂಬಾದವರ ಬಾಯಲ್ಲಿ ಎಂಗೋನಿಗಳು ಇಲಿತಿನ್ನಿಗಳು, ಎಂಗೋನಿಗಳ ಬಾಯಲ್ಲಿ ಅವರು ಕೋತಿತಿನ್ನಿಗಳು. ಜೆಲಿಪಾರ ಗಂಡನ ಮಣ್ಣಿನ ದಿನ ಚಿಲೆಕ್ವಾ ಶವಪೆಟ್ಟಿಗೆಗೆ ಅಡ್ಡ ಮಲಗಿ, "ಇವನು ನನ್ನ ಪಾಲಿನ ಹುರಿದ ಇಲಿ ತಿಂದು ಓಡಿಹೋಗ್ತಿದಾನೆ, ಬಿಡಲ್ಲ!" ಎಂದು ಕೂಗಿದ್ದ. ಅತ್ತು ಅತ್ತು ಬಾಡಿದ್ದ ಜೆಲಿಪಾ ಅವತ್ತು ಮೊದಲ ಸಲ ನಕ್ಕರು. ನನ್ನದು ಲಂಬಾ ಕುಲ, ಈ ಜಗಳದಲ್ಲಿ ನನಗೆ ಪಾಲಿಲ್ಲ. ಹೊಟ್ಟೆಕಿಚ್ಚು ಮಾತ್ರ ಇದೆ.

ಎಡವಟ್ಟಾದದ್ದು ಹೋದ ವರ್ಷ. ನಮ್ಮ ಹುಡುಗರು ಗ್ಲೈಡರಿನ ಮೂತಿಗೆ ಭಾರ ಬೇಕೆಂದು ಸೈಕಲ್ ಚಕ್ರದ ಕಡ್ಡಿ ಸಿಕ್ಕಿಸಿದ್ದರು. ಚಿಲೆಕ್ವಾ ಅದನ್ನು ನೋಡಿದವನೇ ಮೈದಾನಕ್ಕೆಲ್ಲ ಕೇಳುವ ಹಾಗೆ ಕೂಗಿದ:

"ಏ ಇಲಿತಿನ್ನಿ! ಇದೇನು ವಿಮಾನಾನಾ, ಇಲಿ ಚುಚ್ಚಿ ಸುಡೋ ಕಡ್ಡೀನಾ? ಯಾರದಾದ್ರೂ ಕಣ್ಣು ಹೋಗ್ತದೆ ನೋಡು!"

"ಹೋಗೋ ಕೋತಿತಿನ್ನಿ, ಮೊದಲು ನಿನ್ನ ಹೊಟ್ಟೆ ಆ ಕಡೆ ಸರಿಸು, ಗಾಳಿ ಬರಲಿ!" ಎಂದರು ಜೆಲಿಪಾ. ಮೈದಾನವಿಡೀ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ.

ರಬ್ಬರು ಎಳೆದು ಬಿಟ್ಟರು. ಗ್ಲೈಡರು ಮೇಲೇರಿ, ವಾಲಿ, ನೇರವಾಗಿ ಅತಿಥಿಗಳ ಕಡೆ ಧುಮುಕಿತು. ಶಿಕ್ಷಣಾಧಿಕಾರಿಗಳ ಟೋಪಿ ಹಾರಿತು. ಕಣ್ಣಿನ ಕೆಳಗೆ ಗೀರು ಎದ್ದು ರಕ್ತ ಒಸರಿತು. ಕಣ್ಣು ಕೂದಲೆಳೆಯಲ್ಲಿ ಉಳಿದಿತ್ತು. ಅಧಿಕಾರಿಗಳು ಕೂಗಾಡಲಿಲ್ಲ, ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು. "ಇನ್ನೊಂದೇ ಅವಕಾಶ ಕೊಡ್ತೀನಿ ಮೇಡಂ. ನಿಯಮ ಮಾಡಿ. ಮುಂದಿನ ಸಲ ಒಬ್ಬರಿಗೆ ತರಚಿದ್ರೂ ಈ ಆಟ ಇಲ್ಲಿಗೆ ಮುಗೀತು" ಎಂದು ಹೊರಟುಹೋದರು.

ಜನ ಚದುರಿದ ಮೇಲೆ ಜೆಲಿಪಾ ಚಿಲೆಕ್ವಾನ ಮೇಲೆ ಹರಿಹಾಯ್ದರು. "ಗೊತ್ತಿದ್ದೂ ಯಾಕೆ ಹೇಳಲಿಲ್ಲ?"

"ಹೇಳಿದ್ನಲ್ಲ! ನೀನು ನಗ್ತಾ ಇದ್ದೆ."

"ನಗೋ ಹಂಗೆ ಹೇಳಿದ್ರೆ ನಗದೆ ಏನ್ ಮಾಡಲಿ?"

"ನಿನಗೆ ಬೇರೆ ಥರ ಹೇಳೋದು ನನಗೆ ಯಾರು ಕಲಿಸಿದಾರೆ?" ಎಂದ ಚಿಲೆಕ್ವಾ. ಅವನ ಮುಖವೂ ಚಿಕ್ಕದಾಗಿತ್ತು.

ಆಮೇಲೆ ಜೆಲಿಪಾ ಕಾನೂನು ಬರೆಯಲು ಕೂತರು. ನನ್ನ ಗ್ರಹಚಾರ, ಓದಿ ಹೇಳಲು ನಾನೇ ಸಿಕ್ಕಿದೆ. ಮೂತಿಗೆ ಲೋಹ ಕೂಡದು, ಜೇಡಿಮಣ್ಣು ಮೆತ್ತಿ ಮೇಲೆ ಹಾಸಿಗೆಯ ಸ್ಪಂಜು ಸುತ್ತಬೇಕು. ನೋಡುವವರೆಲ್ಲ ರಬ್ಬರು ಎಳೆಯುವ ಗೆರೆಯ ಹಿಂದೆ ನಿಲ್ಲಬೇಕು, ಅಧಿಕಾರಿಯಾದರೂ ಸರಿ, ಬಿಷಪ್ ಆದರೂ ಸರಿ. ಗಡಿಯಾರ ಹಿಡಿಯುವವರು ಆ ಸುತ್ತಿನಲ್ಲಿ ಹಾರಿಸದ ಶಾಲೆಯವರಾಗಿರಬೇಕು. ಹಿಂದೊಮ್ಮೆ ಒಬ್ಬ ಶ್ರೀಮಂತ ಹುಡುಗ ಅಪ್ಪ ಜೋಹಾನ್ಸ್‌ಬರ್ಗಿನಿಂದ ತಂದ ಹಗುರ ಮರದಲ್ಲಿ ಕಟ್ಟಿ ಕಪ್ ಹೊಡೆದಿದ್ದ. ಅದಕ್ಕೂ ಮದ್ದು ಅರೆದರು: ಎಲ್ಲರೂ ಮೈದಾನದಲ್ಲೇ, ಒಂದೇ ರಾಶಿಯಿಂದ ಎತ್ತಿಕೊಂಡು ಕಟ್ಟಬೇಕು. ರಾಶಿಯಲ್ಲಿ ಕತ್ತಾಳೆ ಹೂವಿನ ಒಣ ದಂಟು, ಜೊಂಡು, ಹಿಟ್ಟಿನ ಚೀಲದ ಕಾಗದ, ಅಂಟು. ಅಷ್ಟೇ.

"ಸೋತವರು ಗಾಳಿಯನ್ನು ಬಯ್ಯಬಾರದು ಅಂತ ಇದೆಯಲ್ಲ, ಇದು ಯಾಕೆ?" ಎಂದೆ.

"ನಿಮ್ಮಂಥವರಿಗೆ" ಎಂದರು. ಆದರೂ ಆ ಸಾಲನ್ನು ಹೊಡೆದು ಹಾಕಿದರು.

ಉಳಿದದ್ದು ತಪಾಸಣೆ. ಗ್ಲೈಡರನ್ನು ಯಾರು ಪರೀಕ್ಷೆ ಮಾಡಬೇಕು? ಸ್ವಂತ ಶಾಲೆಯವರಾದರೆ ಕಣ್ಣು ಮುಚ್ಚುತ್ತಾರೆ, ಹೊರಗಿನವರಾದರೆ ತಪ್ಪು ಹೇಳಿದ ತಕ್ಷಣ ಜಗಳ. ಜೆಲಿಪಾ ಪೆನ್ಸಿಲ್ ಕಚ್ಚಿ ಕೂತರು. ಮುಖದ ಮೇಲೆ ಹೊಡೆದ ಹಾಗೆ ಹೇಳಿದರೂ ಯಾರಿಗೂ ಸಿಟ್ಟು ಬರಿಸದವನು ಕಸಿನ್ ಒಬ್ಬನೇ. ಹಾಗಾಗಿ ನಮ್ಮದನ್ನು ಚಿಲೆಕ್ವಾ ನೋಡಬೇಕು, ಅವನ ಶಾಲೆಯದನ್ನು ಇವರು, ಉಳಿದ ಶಾಲೆಗಳಿಗೂ ಹೀಗೇ ಒಬ್ಬೊಬ್ಬ ಕಸಿನ್. ಆದರೆ ಕಸಿನ್ ಹೇಳಿದ್ದರಲ್ಲಿ ತಮಾಷೆ ಯಾವುದು, ನಿಜ ಯಾವುದು?

ಅಲ್ಲೇ ಹುಟ್ಟಿತು ಆ ಕೊನೆಯ ಕಾನೂನು. ನಮ್ಮಲ್ಲಿ ಕುಲದ ದೊರೆಯ ಮುಂದೆ, ಹೆಣ್ಣು ಕೊಟ್ಟ ಅತ್ತೆ ಮಾವನ ಮುಂದೆ, ಮೊಣಕಾಲೂರಿ ಅಂಗೈ ತಟ್ಟುತ್ತಾರೆ. ಕಸಿನ್ ಮುಂದೆ ಯಾರೂ ಹಾಗೆ ಮಾಡಿದ್ದಿಲ್ಲ, ಪ್ರಾಣ ಹೋದರೂ ಮಾಡುವುದಿಲ್ಲ. "ಮೊಣಕಾಲೂರಿ, ಕೈ ತಟ್ಟಿ ಹೇಳಿದ್ದು ನಿಜ. ಉಳಿದದ್ದೆಲ್ಲ ಬೈಗುಳ" ಎಂದು ಬರೆದರು ಜೆಲಿಪಾ.

ಚಿಲೆಕ್ವಾ ಓದಿ, ತಪಾಸಣೆಗೆ ಹೂಂ ಅಂದು, ಕಾಗದ ವಾಪಸ್ ಎಸೆದ. "ಇಲಿತಿನ್ನಿ ಮುಂದೆ ನಾನು ಮೊಣಕಾಲೂರೋದಾ? ಕನಸು ಕಾಣು!"

ಈ ವರ್ಷ ಅಧಿಕಾರಿಗಳು ಬಂದರು. ಗೆರೆಯ ಹಿಂದೆ ಬೇಕಾದದ್ದಕ್ಕಿಂತ ದೂರವೇ ಕುರ್ಚಿ ಹಾಕಿಸಿಕೊಂಡರು. ಬೆಳಗಿನಿಂದ ಎಲ್ಲ ಸುಸೂತ್ರವಾಗಿ ನಡೆಯಿತು. ಚಿಲೆಕ್ವಾ ಒಂದೊಂದು ತಪಾಸಣೆಗೂ ಒಂದೊಂದು ಹೊಸ ಬೈಗುಳ ತಂದಿದ್ದ. ನಮ್ಮ ಗ್ಲೈಡರು ತಿಸಿಯೆಂಜಿ ಎಂಬ ಹುಡುಗಿಯದು. ಸುತ್ತು ಸುತ್ತಿಗೂ ಅದೇ ಮುಂದೆ. ಕೊನೆಯ ಸುತ್ತಿಗೆ ಉಳಿದದ್ದು ಎರಡೇ, ಒಂದು ನಮ್ಮದು, ಇನ್ನೊಂದು ಚಿಲೆಕ್ವಾನ ಶಾಲೆಯದು. ನಮಗೆ ಇಲ್ಲಿಯವರೆಗೆ ಒಮ್ಮೆಯೂ ಕಪ್ ಬಂದಿರಲಿಲ್ಲ. ಜೆಲಿಪಾ ಕಪ್ಪಿನ ಕಡೆ ಕದ್ದು ಕದ್ದು ನೋಡುತ್ತಿದ್ದರು, ನಾನು ಕಂಡೆ.

ಚಿಲೆಕ್ವಾ ನಮ್ಮ ಗ್ಲೈಡರನ್ನು ಕೈಗೆತ್ತಿಕೊಂಡ. ರೆಕ್ಕೆಯ ಬುಡ ಸವರಿದ. ಇನ್ನೊಮ್ಮೆ ಸವರಿದ. ಬೈಗುಳ ಬರಲಿಲ್ಲ. ಎದುರಿಗಿದ್ದ ಜೆಲಿಪಾರನ್ನು ನೋಡಿದ, ತನ್ನ ಶಾಲೆಯ ಹುಡುಗರನ್ನು ನೋಡಿದ. ಆಮೇಲೆ ಆ ಭಾರಿ ಆಳು ಪ್ಯಾಂಟು ಮೇಲೆಳೆದುಕೊಂಡು ಕೆಂಪು ಧೂಳಿನಲ್ಲಿ ಮೊಣಕಾಲೂರಿದ. ಮೆಲ್ಲಗೆ ಅಂಗೈ ತಟ್ಟಿದ.

ಮೈದಾನ ಗೊಳ್ಳೆಂದಿತು. "ಇದು ಹೊಸ ತಮಾಷೆ!" ಎಂದು ಯಾರೋ ಶಿಳ್ಳೆ ಹೊಡೆದರು. ಚಿಲೆಕ್ವಾ ನಗಲಿಲ್ಲ.

"ಮೇಡಂ, ಇದರ ರೆಕ್ಕೆ ಒಳಗೆ ಬಿರುಕು ಬಿಟ್ಟಿದೆ. ಎಳೆದು ಬಿಟ್ರೆ ಮಡಚಿಕೊಂಡು ಬಾಣದ ಹಾಗೆ ಬೀಳ್ತದೆ. ದಯವಿಟ್ಟು ಹಾರಿಸಬೇಡಿ."

ಮೇಡಂ, ದಯವಿಟ್ಟು. ಅವನ ಬಾಯಲ್ಲಿ ಆ ಮಾತು ನಾನು ಎಂದೂ ಕೇಳಿರಲಿಲ್ಲ. ನಮ್ಮ ಗ್ಲೈಡರು ಹೊರಗೆ ಹೋದರೆ ಕಪ್ ಅವನ ಶಾಲೆಗೆ. ಯಾರಿಗೆ ತಾನೇ ಅನುಮಾನ ಬರುವುದಿಲ್ಲ?

"ಸುಳ್ಳು ಮೇಡಂ!" ತಿಸಿಯೆಂಜಿ ಕಿರುಚಿದಳು. "ಕಪ್ಪಿಗೋಸ್ಕರ ನಾಟಕ ಆಡ್ತಿದಾರೆ! ಅಂಟು ಗಟ್ಟಿ ಇದೆ, ನಾನೇ ಹಾಕಿದ್ದು!"

ಜೆಲಿಪಾ ಇನ್ನೊಮ್ಮೆ ಕಪ್ಪಿನ ಕಡೆ ನೋಡಿದರು. ಆಮೇಲೆ ಅವರೂ ನಿಧಾನವಾಗಿ ಅವನೆದುರು ಮೊಣಕಾಲೂರಿ ಅಂಗೈ ತಟ್ಟಿದರು. ಕೇಳಿಸಿಕೊಂಡೆ ಎನ್ನುವುದಕ್ಕೆ ನಮ್ಮಲ್ಲಿ ಅದೇ ಮರ್ಯಾದೆ. ಶಿಳ್ಳೆ ನಿಂತಿತು.

"ನಮ್ಮದು ಹಾರೋದಿಲ್ಲ" ಎಂದರು ಎದ್ದು ಅಧಿಕಾರಿಗಳ ಕಡೆ ತಿರುಗಿ. ಗ್ಲೈಡರನ್ನು ತೆಗೆದುಕೊಂಡು ರೆಕ್ಕೆಯನ್ನು ಬೆರಳಿನಿಂದ ಒತ್ತಿದರು. ಲಟಕ್ಕೆಂದು ಮುರಿದು ಕಾಗದಕ್ಕೆ ಜೋತುಬಿತ್ತು. ಜೆಲಿಪಾ ತಿಸಿಯೆಂಜಿಯನ್ನು ಎಳೆದು ತಬ್ಬಿಕೊಂಡರು, ಇಬ್ಬರೂ ಅತ್ತರು. ನಾನೂ ಕಣ್ಣೊರೆಸಿಕೊಂಡು, ಧೂಳು ಎಂದು ಪಕ್ಕದವರಿಗೆ ಹೇಳಿದೆ.

ಅಧಿಕಾರಿಗಳು ಎದ್ದು ಬಂದು ಮುರಿದ ರೆಕ್ಕೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಒಂದು ಕೈ ತಾನಾಗಿ ಕಣ್ಣಿನ ಕೆಳಗೆ ಹೋಯಿತು.

"ಶಾವಾ ಮೇಡಂ, ಮುಂದಿನ ವರ್ಷದ ಸ್ಪರ್ಧೆ ಯಾವಾಗ?"

ಉತ್ತರ ಕೆಳಗಿನಿಂದ, ಧೂಳಿನಿಂದ ಬಂತು.

"ಮೊದಲು ಯಾರಾದ್ರೂ ನನ್ನನ್ನ ಎಬ್ಬಿಸಿ ಸಾರ್. ಈ ಇಲಿತಿನ್ನಿ ಬರೆದ ಕಾನೂನಲ್ಲಿ ಏಳೋದು ಹೇಗೆ ಅಂತ ಬರೆದೇ ಇಲ್ಲ!"