ಮೂರನೆಯ ಪಾಠದಲ್ಲಿ ನಿಂತ ಅತ್ತೆ

ಮುದ್ರಣಾಲಯವೊಂದರಲ್ಲಿ ಇಪ್ಪತ್ತೊಂಬತ್ತು ವರ್ಷ ಕರಡು ತಿದ್ದಿದ ಅತ್ತೆ ನಿವೃತ್ತರಾದ ಮೇಲೆ ಮನೆಯಲ್ಲಿ ಕಣ್ಣಿಗೆ ಬಿದ್ದದ್ದನ್ನೆಲ್ಲ ತಿದ್ದತೊಡಗಿದರು. ಔಷಧಿ ಡಬ್ಬಿಯ ಸೂಚನೆ, ನೀರಿನ ಬಿಲ್ಲಿನ ಹಿಂಬದಿ, ಮಗ ಫ್ರಿಜ್ಜಿಗೆ ಅಂಟಿಸಿದ ಚೀಟಿ, ಯಾವುದನ್ನೂ ಬಿಡಲಿಲ್ಲ. ಮುದ್ರಣಾಲಯದವರು ಅವರಿಗೆ ‘ಅಲ್ಪವಿರಾಮ’ ಎಂದು ಅಡ್ಡಹೆಸರಿಟ್ಟಿದ್ದರು. ಈಗ ಗಂಡನೂ ಹಾಗೆಯೇ ಕರೆಯುತ್ತಿದ್ದರು.

ಸೊಸೆ ಮೊಬೈಲ್ ಆ್ಯಪ್ ತಯಾರಿಸುವ ಸಣ್ಣ ಆಫೀಸಿನಲ್ಲಿದ್ದಳು. ಒಂದು ಭಾನುವಾರ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟು ತಲೆಮೇಲೆ ಕೈಹೊತ್ತು ಕೂತಿದ್ದಳು. ಏನಾಯಿತೆಂದು ಅತ್ತೆ ಕೇಳಿದ್ದೇ ತಡ, ಗೋಳು ತೋಡಿಕೊಂಡಳು. ಈ ಕೆಲಸದಲ್ಲಿ ವಾರಕ್ಕೊಂದು ಸುದ್ದಿ, ತಿಂಗಳಿಗೊಂದು ಹೊಸ ನಿಯಮ. ಕಲಿಯಲು ಇಂಟರ್‌ನೆಟ್ಟಿನಲ್ಲಿ ಪಾಠಗಳು ರಾಶಿ ಬಿದ್ದಿವೆ, ಆದರೆ ಹೋದ ವರ್ಷದ ಪಾಠ ಈ ವರ್ಷ ನಡೆಯುವುದಿಲ್ಲ. ಅದು ಗೊತ್ತಾಗುವುದು ಅರ್ಧ ದಿನ ಹಾಳಾದ ಮೇಲೆ.

“ಯಾರಾದ್ರೂ ಮೊದಲೇ ಮಾಡಿ ನೋಡಿ, ಎಲ್ಲಿ ತಪ್ಪಿದೆ ಅಂತ ಹೇಳಿದ್ರೆ ಸಾಕಲ್ವಾ?” ಎಂದರು ಅತ್ತೆ.

“ಅಷ್ಟು ತಾಳ್ಮೆ ಯಾರಿಗಿರುತ್ತೆ ಅತ್ತೆ?”

ಸೊಸೆ ಹಾಗೆ ಕೇಳಬಾರದಿತ್ತು. ಮರುದಿನವೇ ಅತ್ತೆ ಮೂಲೆಗೆ ಬಿದ್ದಿದ್ದ ಹಳೆಯ ಲ್ಯಾಪ್‌ಟಾಪಿನ ದೂಳು ಒರೆಸಿ ಮೊದಲ ಪಾಠಕ್ಕೆ ಕೂತರು. ಕೋಡ್ ಎಂದರೇನೆಂದು ತಿಳಿಯದು. ಆದರೆ ಕಾಗದದಲ್ಲಿ ಏನಿದೆಯೋ ಅದನ್ನೇ ನೋಡುವ ಕಣ್ಣು ಅವರಿಗಿತ್ತು. ಪಾಠ ಹೇಳಿದ್ದನ್ನು ಒಂದಕ್ಷರ ಬಿಡದೆ ಟೈಪ್ ಮಾಡಿದರು. ಎರಡನೆಯ ಪಾಠ ಮುಗಿದಾಗ ಫೋನಿನ ಪರದೆಯ ಮೇಲೆ ಹಸಿರು ಚೌಕವೊಂದು ಮೂಡಿತು. ಓಡಿ ಹೋಗಿ ಗಂಡನಿಗೆ ತೋರಿಸಿದರು. ಇದು ಏನು ಮಾಡುತ್ತದೆ ಎಂದು ಅವರು ಕೇಳಿದರು. ಏನೂ ಮಾಡುವುದಿಲ್ಲ, ಸುಮ್ಮನೆ ಇರುತ್ತದೆ ಎಂದು ಇವರು ಹೆಮ್ಮೆಯಿಂದ ಹೇಳಿದರು.

ಮೂರನೆಯ ಪಾಠದಲ್ಲಿ ಬರಬೇಕಿದ್ದ ಬಟನ್ ಬರಲೇ ಇಲ್ಲ. ಎರಡು ದಿನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದರು. ಕೊನೆಗೆ ಸೊಸೆ ಬಂದು ನೋಡಿ, ತಪ್ಪು ಅತ್ತೆಯದಲ್ಲ, ಪಾಠದ್ದೇ ಎಂದಳು. ಅಲ್ಲಿ ಬಳಸಿದ ಆದೇಶವನ್ನು ಹೊಸ ಆವೃತ್ತಿಯಲ್ಲಿ ತೆಗೆದುಹಾಕಿದ್ದರು. ಅತ್ತೆ ಪಾಠ ಬರೆದವರಿಗೆ ಪತ್ರ ಹಾಕಿದರು: ಇಷ್ಟನೆಯ ಸಾಲು, ಹೀಗಿದೆ, ಹೀಗಿರಬೇಕು. ಒಂಬತ್ತು ದಿನಕ್ಕೆ ಉತ್ತರ ಬಂತು. ಸಾವಿರಾರು ಜನ ಈ ಸಾಲಿನಲ್ಲಿ ಮುಗ್ಗರಿಸಿ ಬೈದುಕೊಂಡು ಹೋಗಿರಬೇಕು, ಬರೆದು ತಿಳಿಸಿದವರು ನೀವೊಬ್ಬರೇ ಎಂದಿದ್ದರು ಅವರು.

ಅತ್ತೆಗೆ ಹುರುಪು ಬಂತು. ಪ್ರತಿ ಶುಕ್ರವಾರ ಒಂದು ಪುಟದ ಇಮೇಲ್ ಬರೆಯತೊಡಗಿದರು. ಮೇಲೆ ಆ ವಾರದ ನಾಲ್ಕು ಸುದ್ದಿ, ಕೆಳಗೆ ತಾವೇ ಮಾಡಿ ನೋಡಿದ ಒಂದು ಪಾಠ. ‘ನಡೆಯಿತು’ ಅಥವಾ ‘ಆರನೆಯ ಹೆಜ್ಜೆಯಲ್ಲಿ ನಿಂತಿತು’ ಎಂದು ಷರಾ. ಅರ್ಥವಾಗದ ಸುದ್ದಿಯನ್ನು ಸೊಸೆಯಿಂದ ಹೇಳಿಸಿಕೊಳ್ಳುವವರೆಗೆ ಬರೆಯುತ್ತಿರಲಿಲ್ಲ. ಮೊದಲು ಓದಿದವರು ಸೊಸೆಯ ಆಫೀಸಿನ ಐವರು. ವರ್ಷ ತುಂಬುವಷ್ಟರಲ್ಲಿ ಮೂರು ಸಾವಿರ ಜನ ಓದುತ್ತಿದ್ದರು.

ಆ್ಯಪ್ ತಯಾರಕರ ಸಭೆಯೊಂದರಲ್ಲಿ ಮಾತಾಡಲು ಕರೆ ಬಂತು. ಬಾಗಿಲಲ್ಲಿದ್ದವನು, ಪಾಪ, ಯಾರ ತಾಯಿ ಎಂದು ವಿಚಾರಿಸಿದ. ವೇದಿಕೆ ಹತ್ತಿದವರಿಗೆ ಮೊದಲು ಕಂಡದ್ದು ಬ್ಯಾನರಿನಲ್ಲಿದ್ದ ಕಾಗುಣಿತದ ತಪ್ಪು. ಹೇಳದೆ ಇರಲಾಗಲಿಲ್ಲ, ಹೇಳಿಯೇಬಿಟ್ಟರು. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಮಾತು ಮುಗಿದಾಗ ಹಿಂದಿನ ಸಾಲಿನಿಂದ ಒಬ್ಬಳು ಎದ್ದು ನಿಂತಳು. ವಯಸ್ಸಾದವರಿಗೆ ಮಾತ್ರೆಯ ಹೊತ್ತು ನೆನಪಿಸುವ ಆ್ಯಪ್ ಅವಳದು. ಇನ್ನು ಮುಂದೆ ಬಳಸುವವರ ಅನುಮತಿ ಕೇಳದ ಆ್ಯಪ್‌ಗಳ ಅಲಾರಾಂ ಬಡಿಯುವುದಿಲ್ಲ ಎಂಬ ಸುದ್ದಿಯನ್ನು ಅವಳು ಓದಿದ್ದು ಅತ್ತೆಯ ಶುಕ್ರವಾರದ ಪುಟದಲ್ಲಿ.

“ನೀವು ಬರೀದೇ ಇದ್ದಿದ್ರೆ ಒಂದು ಬೆಳಿಗ್ಗೆ ಒಂಬೈನೂರು ಜನರ ಫೋನ್ ಸುಮ್ಮನಿದ್ದುಬಿಡ್ತಿತ್ತು ಅಮ್ಮಾ,” ಎಂದಳು.

ಅತ್ತೆ ನಮಸ್ಕಾರವೊಂದನ್ನು ಮಾಡಿ ಇಳಿದುಬಂದರು.

ಮನೆಗೆ ಹೋಗುವ ಬಸ್ಸಿನಲ್ಲಿ ಸೊಸೆ ಅವರ ಭುಜಕ್ಕೆ ಒರಗಿ ಕೂತಳು.

“ಅವರು ಯಾರು ಅಂತ ಕೇಳಿದೋರಿಗೆಲ್ಲ ನಮ್ಮತ್ತೆ ಅಂದೆ. ನಾಲ್ಕು ಸಲ ಹೇಳ್ದೆ.”

“ನಾಲ್ಕೇ ಸಲಾನಾ?” ಎಂದರು ಅತ್ತೆ.