ರಸ್ತೆ ದಾಟಿದ ಲಂಚ

ಕಂಡಕ್ಟರಮ್ಮನ ಗಂಟಲು ಅವಳ ರೂಟಿನ ಉದ್ದಕ್ಕೂ ಹೆಸರುವಾಸಿ. ಹಿಂಬಾಗಿಲಲ್ಲಿ ನಿಂತು ‘ಒಳಗೆ ನಡೀರಿ’ ಎಂದರೆ ಮುಂದಿನ ಸೀಟಿನಲ್ಲಿ ಕೂತವರೂ ಮೈ ಸರಿಸಿಕೊಳ್ಳುತ್ತಿದ್ದರು. ಪಾಸು ತೋರಿಸದೆ ಕಿಟಕಿಯ ಕಡೆ ಮುಖ ತಿರುಗಿಸಿ ಕೂರುವವರನ್ನು ಅವಳು ಮಾತಾಡಿಸುತ್ತಿರಲಿಲ್ಲ, ಪಕ್ಕದಲ್ಲಿ ಸುಮ್ಮನೆ ನಿಂತುಬಿಡುತ್ತಿದ್ದಳು. ಡಿಪೋದಲ್ಲಿ ಅವಳ ಜೊತೆ ವಾದಕ್ಕಿಳಿದು ಗೆದ್ದವರಿಲ್ಲ. ಅಂಥವಳನ್ನು ಒಬ್ಬ ಸಣಕಲು ಮನುಷ್ಯ ‘ಅಕ್ಕಾ, ಅಕ್ಕಾ’ ಎನ್ನುತ್ತಲೇ ತಿಂಗಳುಗಟ್ಟಲೆ ಆಟ ಆಡಿಸಿದ.

ಅವಳ ಗಂಡ ಕಟ್ಟಡಗಳಿಗೆ ಬಣ್ಣ ಬಳಿಯುವವನು. ಹೊಸ ಕಟ್ಟಡವೊಂದರ ಹೊರಗೋಡೆಗೆ ಕಟ್ಟಿದ್ದ ಸಾರುವೆಯ ಹಗ್ಗ ಜಾರಿ, ಬಣ್ಣದ ಡಬ್ಬಿಯ ಸಮೇತ ಕೆಳಗೆ ಬಿದ್ದ. ಜೀವ ಉಳಿಯಿತು. ಸೊಂಟದಿಂದ ಕೆಳಗೆ ಸ್ವಾಧೀನ ಉಳಿಯಲಿಲ್ಲ. ಗುತ್ತಿಗೆದಾರ ಆಸ್ಪತ್ರೆಗೆ ಒಂದು ಸಲ ಬಂದು, ನಾಲ್ಕು ಒಳ್ಳೆ ಮಾತಾಡಿ ಹೋದವನು ಆಮೇಲೆ ಫೋನು ಎತ್ತಲಿಲ್ಲ.

ಅವರದು ಓಣಿಯ ನಡುವಿನ ಒಂದೇ ಕೋಣೆಯ ಮನೆ. ಶೌಚಾಲಯ ಓಣಿಯ ಕೊನೆಯಲ್ಲಿ, ಆರೇಳು ಮನೆಗಳಿಗೆ ಸೇರಿ ಒಂದು. ಅವಳು ಮನೆಯಲ್ಲಿದ್ದಾಗ ಬೆನ್ನ ಮೇಲೆ ಹೊತ್ತೊಯ್ಯುತ್ತಿದ್ದಳು. ಡ್ಯೂಟಿಗೆ ಹೋದರೆ ಹೊರುವವರಿಲ್ಲ. ನೆರೆಯವರನ್ನು ಕರೆಯಲು ಅವನಿಗೆ ನಾಚಿಕೆ. ಅದಕ್ಕೆ ಅವನು ತನ್ನದೇ ಒಂದು ದಾರಿ ಕಂಡುಕೊಂಡ: ಹಗಲಿಡೀ ನೀರು ಕುಡಿಯುವುದನ್ನೇ ಬಿಟ್ಟ. ಅವಳು ತುಂಬಿಸಿಟ್ಟು ಹೋದ ಬಾಟಲಿ ಸಂಜೆ ತುಂಬಿದಂತೆಯೇ ಇರುತ್ತಿತ್ತು. ಕೇಳಿದರೆ ಬಾಯಾರಿಕೆಯೇ ಆಗಲಿಲ್ಲ ಎನ್ನುತ್ತಿದ್ದ. ತುಟಿಯ ಮೇಲಿನ ಬಿರುಕು ಬೇರೆಯದನ್ನೇ ಹೇಳುತ್ತಿತ್ತು.

ಸರ್ಕಾರದ ಅಂಗವಿಕಲರ ಕಾರ್ಡು ಸಿಕ್ಕರೆ ಅದರ ಜೊತೆ ಒಂದು ವೀಲ್‌ಚೇರ್ ಕೊಡುತ್ತಾರೆಂದು ಆಸ್ಪತ್ರೆಯ ನರ್ಸ್ ಹೇಳಿದ್ದಳು. ಚಕ್ರದ ಕುರ್ಚಿ ಒಂದಿದ್ದರೆ ಗಂಡ ತಾನೇ ಓಣಿಯ ಕೊನೆಗೆ ಹೋಗಿ ಬರಬಹುದು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ಆ ಕಾರ್ಡು ಕೊಡುವ ಕಚೇರಿಯ ಹಳೆಯ ಕಾಲ ಅವಳಿಗೆ ಚೆನ್ನಾಗಿ ನೆನಪಿತ್ತು. ಅವಳ ತಾಯಿಯ ವಿಧವಾ ವೇತನಕ್ಕೆ ಹೋದಾಗ ಗುಮಾಸ್ತ ಮಾತೇ ಆಡುತ್ತಿರಲಿಲ್ಲ. ಮೇಜಿನ ಡ್ರಾಯರನ್ನು ಅರ್ಧ ಎಳೆದಿಟ್ಟುಕೊಂಡು ಕೂರುತ್ತಿದ್ದ. ಕೊಡುವವರು ಅದರೊಳಗೆ ಹಾಕಬೇಕು, ಹಾಕಿದ ಮೇಲೆ ಅವನು ಮೊಣಕಾಲಿನಿಂದ ಅದನ್ನು ಮುಚ್ಚಬೇಕು. ಆಗಲೇ ಫೈಲಿಗೆ ಕೈಕಾಲು ಬರುತ್ತಿದ್ದವು. ಈಗ ಎಲ್ಲವೂ ಆನ್‌ಲೈನ್ ಆಗಿದೆ, ಅರ್ಜಿಯನ್ನು ಕಂಪ್ಯೂಟರಿನಲ್ಲಿ ಹಾಕಿದರೆ ಮಂಜೂರಾದ ಸುದ್ದಿ ನೇರವಾಗಿ ಫೋನಿಗೇ ಬರುತ್ತದೆ ಎಂದು ಕೇಳಿದಾಗ ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ಅವಳೇ. ಆ ಡ್ರಾಯರಿಗೆ ಕೊನೆಗೂ ಬೀಗ ಬಿತ್ತು ಎಂದು ಬಸ್ಸಿನಲ್ಲಿ ಕಂಡಕಂಡವರಿಗೆಲ್ಲ ಹೇಳಿದ್ದಳು.

ಅರ್ಜಿಯನ್ನು ಮೊದಲು ತನ್ನ ಫೋನಿನಲ್ಲೇ ಹಾಕಲು ನೋಡಿದಳು. ವೈದ್ಯರ ಪ್ರಮಾಣಪತ್ರದ ಫೋಟೋ ದೊಡ್ಡದಾಯಿತು ಎಂದು ಒಂದು ಸಲ, ಚಿಕ್ಕದಾಯಿತು ಎಂದು ಇನ್ನೊಂದು ಸಲ ತಿರಸ್ಕಾರವಾಯಿತು. ಎರಡು ರಜೆಗಳು ಹೀಗೇ ಹಾಳಾದ ಮೇಲೆ, ಕಚೇರಿಯ ಎದುರಿಗೇ ಇದ್ದ ಕಂಪ್ಯೂಟರ್ ಅಂಗಡಿಗೆ ಹೋದಳು.

ಅಂಗಡಿಯವನನ್ನು ಜನ ಸರ್ವರ್ ಎಂದು ಕರೆಯುತ್ತಿದ್ದರು. ಯಾರು ಬಂದು ಏನು ಕೇಳಿದರೂ ‘ಸರ್ವರ್ ಡೌನ್’ ಎನ್ನುವುದರಿಂದ ಬಂದ ಅಡ್ಡಹೆಸರು. ಅದನ್ನು ಕೇಳಿ ಅವನೂ ನಗುತ್ತಿದ್ದ. ಅರ್ಜಿಯನ್ನು ಚಕಚಕನೆ ಹಾಕಿಕೊಟ್ಟು, ಅರ್ಜಿ ಸಂಖ್ಯೆಯ ಚೀಟಿ ಕೈಗಿತ್ತು, ‘ನಿಮ್ಮ ತಮ್ಮ ಇದ್ದೀನಲ್ಲ ಅಕ್ಕ, ಚಿಂತೆ ಬಿಡಿ’ ಎಂದ. ಆ ಮಾತಿಗೆ ಅವಳ ಕಣ್ಣು ಒದ್ದೆಯಾಗಿತ್ತು. ಆಮೇಲೆ ಅದನ್ನು ನೆನೆದಾಗಲೆಲ್ಲ ಅವಳಿಗೆ ಅವನ ಮೇಲಿನದಕ್ಕಿಂತ ತನ್ನ ಆ ಕಣ್ಣೀರಿನ ಮೇಲೆ ಹೆಚ್ಚು ಸಿಟ್ಟು ಬರುತ್ತಿತ್ತು.

ಅಲ್ಲಿಂದ ಅಲೆದಾಟ ಶುರುವಾಯಿತು. ಮೊದಲು ಸರ್ವರ್ ಡೌನ್. ಆಮೇಲೆ ಮೇಲಿನ ಸಾಹೇಬರು ರಜೆ. ಆಮೇಲೆ, ದನಿ ತಗ್ಗಿಸಿ, ಸಾಹೇಬರಿಗೆ ಏನಾದರೂ ಮುಟ್ಟದೆ ಬಟನ್ ಒತ್ತುವುದಿಲ್ಲ, ಕಾಲ ಬದಲಾಗಿಲ್ಲ ಅಕ್ಕ ಎಂದ. ಅವಳು ಹಲ್ಲು ಕಚ್ಚಿಕೊಂಡು ಕೊಟ್ಟಳು. ಸ್ವಲ್ಪ ದಿನ ಬಿಟ್ಟು ಇನ್ನೊಬ್ಬ ಸಾಹೇಬರ ಹೆಸರು ಹೇಳಿದ, ಮತ್ತೆ ಕೊಟ್ಟಳು. ಇತ್ತ ಗಂಡನಿಗೆ ಮೈ ನಡುಗಿಸುವ ಜ್ವರ ಬಂತು. ನೀರಿಲ್ಲದೆ ಮೂತ್ರಪಿಂಡಕ್ಕೆ ಸೋಂಕಾಗಿದೆ ಎಂದ ಡಾಕ್ಟರು, ‘ಯಾಕ್ರೀ, ಇವರಿಗೆ ನೀರು ಕುಡಿಸೋಕೂ ನಿಮಗೆ ಪುರುಸೊತ್ತಿಲ್ವಾ?’ ಎಂದು ಅವಳನ್ನೇ ಗದರಿದರು.

ಗುಟ್ಟು ಬಯಲಾದದ್ದು ಬಸ್ಸಿನಲ್ಲಿ. ಆ ಕಚೇರಿಯ ಕೌಂಟರಿಗೆ ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳು ಅದೇ ರೂಟಿನಲ್ಲಿ ಓಡಾಡುತ್ತಿದ್ದಳು. ಕೊರಳಿನ ಗುರುತಿನ ಚೀಟಿ ನೋಡಿ ಕಂಡಕ್ಟರಮ್ಮ, ನಿಮ್ಮ ಸರ್ವರ್ ರಿಪೇರಿಯಾಗುವುದು ಯಾವಾಗ ಎಂದು ಕುಟುಕಿದಳು. ಸರ್ವರ್ ಚೆನ್ನಾಗಿಯೇ ಇದೆಯಲ್ಲ ಎಂದು ಹುಡುಗಿ ಅಚ್ಚರಿಪಟ್ಟು, ಅವಳ ಅರ್ಜಿಯ ಚೀಟಿ ಇಸಿದುಕೊಂಡು, ತನ್ನ ಫೋನಿನಲ್ಲೇ ಆ ಸಂಖ್ಯೆ ಒತ್ತಿ ನೋಡಿದಳು.

‘ಅಕ್ಕ, ಇದು ಯಾವತ್ತೋ ಮಂಜೂರಾಗಿದೆ. ನೀವು ಅರ್ಜಿ ಹಾಕಿದ ವಾರದಲ್ಲೇ. ಕುರ್ಚಿ ನಮ್ಮ ಗೋಡೌನಲ್ಲೇ ಇದೆ, ತಗೊಂಡು ಹೋಗಿ ಅಂತ ಮೆಸೇಜ್ ಮೇಲೆ ಮೆಸೇಜ್ ಹೋಗಿದೆ.’

‘ನನಗೆ ಒಂದೂ ಬಂದಿಲ್ವಲ್ಲ.’

ಹುಡುಗಿ ಪರದೆಯ ಮೇಲಿದ್ದ ಮೊಬೈಲ್ ನಂಬರಿನ ಕೊನೆಯ ಅಂಕಿಗಳನ್ನು ಓದಿದಳು. ಅದು ಅವಳ ನಂಬರಾಗಿರಲಿಲ್ಲ. ಆದರೆ ಅಪರಿಚಿತವೂ ಆಗಿರಲಿಲ್ಲ. ಕಚೇರಿಯ ಎದುರಂಗಡಿಯ ಬೋರ್ಡಿನ ಮೇಲೆ ಕೆಂಪು ಬಣ್ಣದಲ್ಲಿ ಬರೆಸಿದ್ದ ನಂಬರು.

ಬಸ್ಸು ತುಂಬಿತ್ತು. ಯಾರೋ ಟಿಕೆಟ್ ಕೇಳಿದರು, ಇನ್ಯಾರೋ ಸ್ಟಾಪ್ ದಾಟಿತು ಎಂದರು. ಅವಳು ಟಿಕೆಟ್ ಕೊಟ್ಟಳು, ಸೀಟಿ ಊದಿದಳು. ಆದರೆ ಆ ದಿನ ಬಸ್ಸಿನಲ್ಲಿದ್ದವರು ಹೇಳುವಂತೆ ಅವಳ ಮುಖ ನೋಡಲಾಗುತ್ತಿರಲಿಲ್ಲ. ಟ್ರಿಪ್ ಮುಗಿಸಿ, ಟಿಕೆಟ್ ಮಷೀನನ್ನು ಡ್ರೈವರಿನ ಕೈಗೆ ಕೊಟ್ಟು, ಡಿಪೋದಲ್ಲಿ ಏನು ಬೇಕಾದರೂ ಬರೆದುಕೊಳ್ಳಲಿ ಎಂದು ಹೇಳಿ ಯೂನಿಫಾರ್ಮಿನಲ್ಲೇ ಆ ಅಂಗಡಿಗೆ ನಡೆದಳು.

ಅಂಗಡಿಯಲ್ಲಿ ಬೆಂಚಿನ ತುಂಬ ಜನ. ಅವಳು ತಣ್ಣಗೆ ಕೇಳಿದಳು: ‘ನಂದು ಏನಾಯ್ತಪ್ಪ?’

‘ಇವತ್ತು ಬೆಳಿಗ್ಗೆಯಿಂದ ಸರ್ವರ್ ಡೌನ್ ಅಕ್ಕ.’

ಮೇಜಿನ ಮೇಲೆ ಅವನ ಫೋನುಗಳು ಸಾಲಾಗಿ ಬಿದ್ದಿದ್ದವು. ಅವುಗಳಲ್ಲೊಂದು ಅದೇ ಹೊತ್ತಿಗೆ ಟಿಣ್ ಎಂದಿತು. ಅವಳು ಅವನ ಮಣಿಕಟ್ಟು ಹಿಡಿದಳು. ಓಡುತ್ತಿರುವ ಬಸ್ಸಿನಲ್ಲಿ ಕಂಬಿ ಹಿಡಿದು ಪಳಗಿದ ಕೈ ಅದು. ಇನ್ನೊಂದು ಕೈಯಲ್ಲಿ ಫೋನುಗಳನ್ನೆಲ್ಲ ಬಾಚಿ ಟಿಕೆಟ್ ಚೀಲಕ್ಕೆ ಹಾಕಿಕೊಂಡು, ಬೆಂಚಿನವರ ಕಡೆ ತಿರುಗಿದಳು.

‘ಸರ್ವರ್ ಡೌನ್ ಅಂತ ಇವನು ಯಾರ್ಯಾರಿಗೆ ಹೇಳಿದಾನೋ ಅವರೆಲ್ಲ ಚೀಟಿ ತಗೊಂಡು ನನ್ನ ಹಿಂದೆ ಬನ್ನಿ. ಸರ್ವರ್ ಕೆಟ್ಟಿಲ್ಲ. ಕೆಟ್ಟಿರೋದು ಇವನು.’

ಬಸ್ಸನ್ನೇ ಅಲುಗಿಸುತ್ತಿದ್ದ ಗಂಟಲು. ಅಂಗಡಿಯಷ್ಟೇ ಅಲ್ಲ, ಪಕ್ಕದ ಹೋಟೆಲಿನಲ್ಲಿ ಕಾದು ಕೂತಿದ್ದವರೂ ಎದ್ದು ಬಂದರು. ಸರ್ವರ್ ಮೊದಲು ನಗಲು ನೋಡಿದ, ಆಮೇಲೆ ಪೊಲೀಸರನ್ನು ಕರೆಯುತ್ತೇನೆ ಎಂದ. ಕರಿ, ಫೋನು ನನ್ನ ಹತ್ತಿರವೇ ಇದೆ ಎಂದು ಅವಳು ಅವನನ್ನು ಎಳೆದುಕೊಂಡೇ ರಸ್ತೆ ದಾಟಿದಳು.

ಕೌಂಟರಿನ ಹುಡುಗಿ ಒಬ್ಬೊಬ್ಬರ ಚೀಟಿಯನ್ನೂ ನೋಡುತ್ತ ಹೋದಳು. ಮಂಜೂರಾಗಿದೆ. ಮಂಜೂರಾಗಿದೆ. ಇದೂ ಆಗಿದೆ. ಗದ್ದಲ ಏರುತ್ತಿದ್ದಂತೆ ಅಧಿಕಾರಿ ತಮ್ಮ ಕೋಣೆಯಿಂದ ಹೊರಗೆ ಬಂದರು. ಇಸ್ತ್ರಿ ಮಾಡಿದ ಅಂಗಿಯ, ಮೆದು ಮಾತಿನ ಮನುಷ್ಯ. ವಿಷಯ ತಿಳಿದಾಗ ಅವರ ಮುಖ ನಿಜಕ್ಕೂ ಕಪ್ಪಿಟ್ಟಿತು, ಏಕೆಂದರೆ ಸರ್ವರ್ ಅವರ ಹೆಸರಿನಲ್ಲಿ ಎತ್ತಿದ್ದ ಹಣದಲ್ಲಿ ಒಂದು ಕಾಸೂ ಅವರಿಗೆ ಬಂದಿರಲಿಲ್ಲ.

‘ನೋಡಿಮ್ಮ, ನಮ್ಮ ಕಡೆಯಿಂದ ತಪ್ಪಾಗಿಲ್ಲ. ಲಂಚ ತಪ್ಪಿಸೋಕೆ ಅಂತಲೇ ನಾವು ಎಲ್ಲಾನೂ ಆನ್‌ಲೈನ್ ಮಾಡಿದ್ದು.’

‘ತಪ್ಪಿಸಿಲ್ಲ ಸಾರ್. ರಸ್ತೆ ದಾಟಿಸಿದ್ದೀರಿ ಅಷ್ಟೇ. ನಿಮ್ಮ ಕಿಟಕಿ ತೆಗೆದ್ರೆ ಎದುರಿಗೆ ಕಾಣೋದು ಯಾವ ಅಂಗಡಿ?’

ಅಧಿಕಾರಿ ಕಿಟಕಿಯ ಕಡೆ ತಿರುಗಿದರು. ಕಿಟಕಿ ತೆರೆದೇ ಇತ್ತು, ಅಂಗಡಿಯ ಬೆಂಚು ಅಲ್ಲಿಂದ ಅಂಗೈಯಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು. ದಿನಾ ಅಷ್ಟು ಜನ ಅಲ್ಲಿ ಯಾಕೆ ಕೂತಿರುತ್ತಾರೆ ಎಂದು ಅವರು ಒಂದು ದಿನವೂ ಕೇಳಿರಲಿಲ್ಲ. ಗೋಡೌನಿನಲ್ಲಿ ಕುರ್ಚಿಗಳು ಧೂಳು ತಿನ್ನುತ್ತಿದ್ದರೂ ಕೇಳಿರಲಿಲ್ಲ. ಕಂಪ್ಯೂಟರ್ ‘ಸಂದೇಶ ತಲುಪಿದೆ’ ಎಂದು ತೋರಿಸುತ್ತಿತ್ತು, ಅವರ ಮಟ್ಟಿಗೆ ಅಲ್ಲಿಗೆ ಕೆಲಸ ಮುಗಿದಿತ್ತು.

ಆಗ ಸಾಲಿನಲ್ಲಿದ್ದ ಮುದುಕಿಯೊಬ್ಬಳ ಸರದಿ ಬಂತು. ಗಂಡನ ಹೃದಯದ ಆಪರೇಷನ್‌ಗೆ ಚಿಕಿತ್ಸಾ ಕಾರ್ಡು ಕೇಳಿ ಅರ್ಜಿ ಹಾಕಿದ್ದಳು. ಗಂಡ ತೀರಿಕೊಂಡು ಕೆಲವು ವಾರಗಳಾಗಿದ್ದವು. ಎಲ್ಲರೂ ಬಂದರೆಂದು ಅವಳೂ ಬಂದಿದ್ದಳು. ಹುಡುಗಿ ಸಂಖ್ಯೆ ಒತ್ತಿ, ಪರದೆ ನೋಡಿ, ತಲೆ ಎತ್ತಲಿಲ್ಲ.

‘ಅದೂ ಬಂದಿತ್ತೇನಮ್ಮ?’ ಎಂದಳು ಮುದುಕಿ.

ಹುಡುಗಿ ಹೂಂ ಎಂದಳು. ಮುದುಕಿ ಅಳಲಿಲ್ಲ. ಚೀಟಿಯನ್ನು ವಾಪಸು ಇಸಿದುಕೊಂಡು, ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ‘ಆಯ್ತು ಬಿಡು’ ಎಂದು ಮೆಟ್ಟಿಲಿಳಿದು ಹೋದಳು. ಕೂಗಾಡುತ್ತಿದ್ದವರೆಲ್ಲ ದಾರಿ ಬಿಟ್ಟರು. ಕಂಡಕ್ಟರಮ್ಮ ಅಲ್ಲಿಯವರೆಗೆ ಯಾರ ಮೇಲೂ ಕೈ ಮಾಡಿರಲಿಲ್ಲ. ಈಗ ಸರ್ವರಿನ ಕೆನ್ನೆಗೆ ಬಾರಿಸಿದಳು. ಅಧಿಕಾರಿ ನೋಡಿದರು, ಬೇಡ ಎನ್ನಲಿಲ್ಲ. ಅವರಿಗೂ ಒಂದು ಬೀಳಬೇಕಿತ್ತು ಎಂದು ಅವಳು ಇವತ್ತಿಗೂ ಹೇಳುತ್ತಾಳೆ.

ಕುರ್ಚಿ ಅಂದೇ ಸಿಕ್ಕಿತು. ಓಣಿಯ ಕಲ್ಲುಗಳ ಮೇಲೆ ಕುಲುಕುತ್ತ ಗಂಡ ಮೊದಲ ಸಲ ತಾನಾಗಿಯೇ ಕೊನೆಯವರೆಗೆ ಹೋಗಿ ಬಂದು, ಅವಳ ಮುಂದೆಯೇ ಒಂದು ಚೊಂಬು ನೀರನ್ನು ಗಟಗಟ ಕುಡಿದ. ಅವಳಿಗೆ ಸಂತೋಷವಾಗಬೇಕಿತ್ತು. ಒಂದು ಮೂತ್ರಪಿಂಡ ಇನ್ನು ಸರಿಹೋಗುವುದಿಲ್ಲ ಎಂದು ಡಾಕ್ಟರು ಆಗಲೇ ಹೇಳಿಬಿಟ್ಟಿದ್ದರು.

ಪೊಲೀಸರು ಅಂಗಡಿಯವನನ್ನು ಹಿಡಿದೊಯ್ದರು, ಆದರೆ ಅವನಿಗೆ ಜಾಮೀನು ಸಿಕ್ಕಿತು. ಎರಡು ಬೀದಿ ಆಚೆ ಅವನ ಭಾವಮೈದುನನ ಹೆಸರಿನಲ್ಲಿ ಹೊಸ ಅಂಗಡಿ ತೆರೆಯಿತು. ಕೆಲಸ ಬಿಟ್ಟು ಹೋಗಿದ್ದಕ್ಕೆ ಡಿಪೋದವರು ಕಂಡಕ್ಟರಮ್ಮನ ಸಂಬಳ ಹಿಡಿದರು. ಕಾರ್ಡು ಕೊಡುವ ಇಲಾಖೆಯವರು ಮಾತ್ರ ಅವಳನ್ನು ಸಭೆಯೊಂದಕ್ಕೆ ಕರೆದು ಶಾಲು ಹೊದಿಸಲು ಬಂದರು. ಮುದುಕಿಯ ಮನೆಗೆ ಯಾರಾದರೂ ಹೋಗಿ ಬಂದಿರಾ ಎಂದು ಅವಳು ವೇದಿಕೆಯ ಮೇಲೆಯೇ ಕೇಳಿದಳು. ಯಾರೂ ಹೋಗಿರಲಿಲ್ಲ. ಶಾಲನ್ನು ಕುರ್ಚಿಯ ಮೇಲೆಯೇ ಬಿಟ್ಟು ಇಳಿದು ಬಂದಳು.

ಒಂದು ಬದಲಾವಣೆಯಂತೂ ಆಯಿತು. ಅರ್ಜಿ ಯಾರೇ ಹಾಕಲಿ, ಅದರಲ್ಲಿರುವುದು ತನ್ನದೇ ನಂಬರು ಎಂದು ಅರ್ಜಿದಾರ ಕೌಂಟರಿಗೆ ಬಂದು ತೋರಿಸಬೇಕು ಎಂಬ ನಿಯಮ ಬಂತು. ಅದರ ಜೊತೆಗೆ ಕಚೇರಿಯ ಮುಂದೆ ಉದ್ದನೆಯ ಸಾಲೂ ಬಂತು. ಇತ್ತೀಚೆಗೆ ಬಸ್ಸಿನಲ್ಲಿ ಒಬ್ಬ ಗೊಣಗುತ್ತಿದ್ದ: ಮೊದಲೇ ಚೆನ್ನಾಗಿತ್ತು, ಅಂಗಡಿಯಲ್ಲಿ ಕೊಟ್ಟು ಬಂದರೆ ಮುಗಿಯುತ್ತಿತ್ತು, ಯಾವಳೋ ಒಬ್ಬಳು ಗಲಾಟೆ ಮಾಡಿ ಎಲ್ಲರನ್ನೂ ಬಿಸಿಲಲ್ಲಿ ನಿಲ್ಲಿಸಿದಳು. ಕಂಡಕ್ಟರಮ್ಮ ಟಿಕೆಟ್ ಹರಿದುಕೊಟ್ಟು ಅವನ ಪಕ್ಕದಲ್ಲೇ ನಿಂತಳು.

‘ಆ ಯಾವಳೋ ನಾನೇ. ನಿಮ್ಮದು ಯಾವ ಸ್ಟಾಪು?’

ಅವನು ಕೊನೆಯ ಸ್ಟಾಪ್ ಎಂದ. ಹಾಗಾದರೆ ಸಮಯ ಇದೆ ಎಂದು ಅವಳು ಮೊದಲಿಂದ ಹೇಳತೊಡಗಿದಳು, ಇಡೀ ಬಸ್ಸಿಗೆ ಕೇಳುವ ಹಾಗೆ.