ತಲೆಯಿಲ್ಲದ ಬುದ್ಧನ ಮುಂದೆ ಅವ್ವ

ಹೋದ ವರ್ಷ ಸಂಕ್ರಾಂತಿ ಮುಗಿದ ವಾರದ ಮಾತು. ಅಪ್ಪ ತೀರಿಕೊಂಡು ಕೆಲವೇ ತಿಂಗಳಾಗಿದ್ದವು. ಚಿಮ್ಮಡದ ನಮ್ಮ ಮನೆಯಲ್ಲಿ ಅವ್ವ ಮಾತು ಬಿಟ್ಟಿದ್ದಳು. ಊಟಕ್ಕೆ ಕರೆದರೆ ಬರುತ್ತಿದ್ದಳು, ರೊಟ್ಟಿ ಮುರಿದು ಹಾಗೇ ಬಿಟ್ಟು ಏಳುತ್ತಿದ್ದಳು. ಅವಳು ಅತ್ತದ್ದನ್ನು ನಾವ್ಯಾರೂ ನೋಡಿರಲಿಲ್ಲ.

ಮೊದಲಿನಿಂದಲೂ ಅವ್ವ ತನ್ನ ಕಷ್ಟ ಹೇಳಿಕೊಳ್ಳುತ್ತಿದ್ದುದು ಊರ ದೇವರು ಬೀರಪ್ಪನ ಮುಂದೆ ಮಾತ್ರ. ಆದರೆ ಸಾವಾದ ಮನೆಯವರು ವರ್ಷ ತುಂಬುವ ತನಕ ಗುಡಿ ಹತ್ತಬಾರದೆಂಬುದು ನಮ್ಮ ಮನೆತನದ ಪದ್ಧತಿ. ಬೇಕಾದ ಹೊತ್ತಿನಲ್ಲೇ ಆ ಬಾಗಿಲು ಮುಚ್ಚಿತ್ತು.

ಸ್ವಲ್ಪ ಹೊರಗಿನ ಗಾಳಿ ತಾಗಲಿ ಎಂದು ನಾನು, ನನ್ನ ಹೆಂಡತಿ ಅವಳನ್ನು ಐಹೊಳೆಗೆ ಕರೆದುಕೊಂಡು ಹೊರಟೆವು. ಮುಧೋಳ ದಾಟುವವರೆಗೂ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆಯೇ ಸಾಗಿದೆವು. ಅವ್ವ ಅಪ್ಪನ ಕಂಬಳಿಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದಳು.

ಮೇಗುಟಿ ಗುಡ್ಡ ಹತ್ತುವ ದಾರಿಯಲ್ಲಿ ಚಾಲುಕ್ಯ ಅರಸರ ಕಾಲದ ಬೌದ್ಧ ಗುಡಿ ಇದೆ. ಅರ್ಧ ಬಂಡೆಯಲ್ಲೇ ಕೊರೆದದ್ದು. ಗುಡಿ ಎಂದ ಕೂಡಲೇ ಅವ್ವ ಹೊರಗೆ ಕಲ್ಲಿನ ಮೇಲೆ ಕುಳಿತುಬಿಟ್ಟಳು. ನಾನು ಒತ್ತಾಯಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವಳೇ ಗುಡಿಯ ಬಾಗಿಲಲ್ಲಿದ್ದ ಕಾವಲುಗಾರನನ್ನು ಕೇಳಿದಳು.

"ಇಲ್ಲಿ ದೀಪಾ ಹಚ್ಚತಾರೇನ್ರಿ?"

"ಇಲ್ಲ ಬೇ ಯವ್ವಾ. ಪೂಜಿ ನಿಂತು ಯಾವ ಕಾಲ ಆತೋ. ನಾ ಕಸಾ ಹೊಡಿತೇನಿ, ಅಷ್ಟ."

"ಹಂಗಾದ್ರ ನನ್ನ ಮೈಲಿಗಿ ಯಾರಿಗೆ ತಟ್ಟಬೇಕು?" ಎಂದು ಅವ್ವ ಎದ್ದು ಒಳಗೆ ಬಂದಳು.

ಪಡಸಾಲೆಯಲ್ಲಿ ಕುಳಿತ ಬುದ್ಧನಿಗೆ ತಲೆಯಿರಲಿಲ್ಲ. ನಾನು ಅರಸರ ಬಗ್ಗೆ ಓದಿದ್ದನ್ನು ಹೇಳತೊಡಗಿದೆ. ಅವ್ವ ಕೈಯಿಂದಲೇ ಸುಮ್ಮನಿರು ಎಂದಳು. ಕಂಬಳಿ ಹಾಸಿ ಮೂರ್ತಿಯ ಎದುರು ಕುಳಿತಳು.

"ಯಪ್ಪಾ, ನಿನಗ ಕಿವಿ ಇಲ್ಲ. ಆದ್ರೂ ಕೇಳು. ನಮ್ಮನಿಯವ್ರು ಹೋಗೂಮುಂದ ನೀರ ಬೇಡಿದ್ರು. ನಾ ತಂಬಿಗಿ ತರೂದ್ರಾಗ ಉಸರ ನಿಂತಿತ್ತು."

ಅಪ್ಪ ನಿದ್ದೆಯಲ್ಲೇ ಹೋದರೆಂದು ನಾವು ಊರಿಗೆಲ್ಲ ಹೇಳಿದ್ದೆವು. ಅವ್ವ ತಿದ್ದಿರಲಿಲ್ಲ. ಈಗ ಸೆರಗು ಬಾಯಿಗೊತ್ತಿಕೊಂಡು ಅಳುತ್ತಿದ್ದಳು. ನನ್ನ ಹೆಂಡತಿ ಅವಳ ಪಕ್ಕ ಕುಳಿತು ಬೆನ್ನ ಮೇಲೆ ಕೈಯಿಟ್ಟಳು. ಕಾವಲುಗಾರ ಮೇಲೆ ಬರುತ್ತಿದ್ದವರನ್ನು ಮೆಟ್ಟಿಲಲ್ಲೇ ತಡೆದು ನಿಲ್ಲಿಸಿದ.

ಗುಡ್ಡ ಇಳಿದ ಮೇಲೆ ಅವ್ವ ರೊಟ್ಟಿಗಂಟು ಬಿಚ್ಚಿಸಿದಳು. ಶೇಂಗಾ ಚಟ್ನಿಗೆ ಉಪ್ಪು ಕಡಿಮೆ ಎಂದು ಸೊಸೆಯನ್ನು ಬೈಯುತ್ತ ಹೊಟ್ಟೆತುಂಬ ಉಂಡಳು. ಬೈಸಿಕೊಂಡ ನನ್ನ ಹೆಂಡತಿ ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು.

ವರ್ಷ ತುಂಬಿದ ಮೇಲೆ ಅವ್ವ ಬೀರಪ್ಪನ ಗುಡಿ ಹತ್ತಿದಳು. ಹಣೆಗೆ ಭಂಡಾರದ ಅರಿಸಿನ ಹಚ್ಚಿಕೊಂಡು ತಕ್ಷಣ ಹೊರಬಂದಳು. ಇಷ್ಟು ಬೇಗ ಆಯಿತೇ ಎಂದು ಕೇಳಿದೆ.

"ಹೇಳೂದೆಲ್ಲಾ ಅಲ್ಲೇ ಹೇಳೇನಲ್ಲೋ," ಎಂದಳು.

ಐಹೊಳೆಯ ಆ ಗುಡಿ ಕಟ್ಟಿಸಿದವರು ಯಾರೆಂದು ಯಾರಾದರೂ ಕೇಳಿದರೆ ಇಂದಿಗೂ ನನಗೆ ಖಚಿತವಾಗಿ ಹೇಳಲಾಗದು. ಪೂಜೆಯಿಲ್ಲದ ಆ ಗುಡಿಗೆ ನಾನು ಋಣಿ. ಅಪ್ಪನ ಫೋಟೋದ ಮುಂದೆ ಈಗ ದಿನವೂ ಒಂದು ತಂಬಿಗೆ ನೀರು ಇಡುತ್ತೇನೆ.